ಗೋವಿನಜೋಳ ಖರೀದಿ ಕೇಂದ್ರವೋ, ವಾಪಸ್ ಕಳಿಸುವ ಕೇಂದ್ರವೋ?

ಮಾನ್ಯ ಸಂಪಾದಕರೇ,

ಬೈಪಾಸ್ ಪಕ್ಕದ ಮಾರುಕಟ್ಟೆ ಯಾರ್ಡಿನಲ್ಲಿ ಗೋವಿನಜೋಳವನ್ನು (ಮೆಕ್ಕೆಜೋಳ) ಬೆಂಬಲ ಬೆಲೆಗೆ ಕೊಳ್ಳುವ ಕೇಂದ್ರದಲ್ಲಿ ಸೋಮವಾರ ನಡೆದ ಗಲಾಟೆಗೆ ‘ತೇವಾಂಶಕ್ಕೆ ರೈತರ ಆಕ್ಷೇಪ’ ಎಂದು ತಲೆಬರಹ ಕೊಟ್ಟಿದ್ದೀರಿ. ನಮ್ಮ ಆಕ್ಷೇಪ ತೇವಾಂಶಕ್ಕಲ್ಲ, ಅದನ್ನು ಅಳೆದ ರೀತಿಗೆ. ಒಂದೇ ಚೀಲದ ಕಾಳು ತೇವಾಂಶದ ಮೀಟರ್‌ನಲ್ಲಿ ಮೊದಲ ಸಲ ಶೇ 16.1, ಎರಡನೇ ಸಲ 14.6, ಮೂರನೇ ಸಲ 13.8 ತೋರಿಸಿತು. ಸಿಬ್ಬಂದಿ ಬರೆದುಕೊಂಡದ್ದು ಮೊದಲನೆಯದನ್ನು. ಕೊಳ್ಳಲು ಇರುವ ಮಿತಿ ಶೇ 14. ಇಡೀ ಟ್ರ್ಯಾಲಿ ವಾಪಸ್.

ಮೀಟರ್ ಹೀಗೆ ಕುಣಿಯುವುದಕ್ಕೆ ದೆವ್ವ ಬೇಕಾಗಿಲ್ಲ. ಟೋಕನ್ ಕೊಟ್ಟು ರಾತ್ರಿಯಿಡೀ ಬಯಲಲ್ಲಿ ನಿಲ್ಲಿಸಿದ ಟ್ರ್ಯಾಲಿಯ ತಾಡಪಾಲಿನ ಕೆಳಗೆ ಬೆವರು ಕಟ್ಟುತ್ತದೆ, ಮೇಲಿನ ಸಾಲಿನ ಚೀಲಗಳ ಬಾಯಿ ತಣ್ಣಗೆ ಒದ್ದೆಯಾಗಿರುತ್ತದೆ. ಬೆಳಿಗ್ಗೆ ಏಳಕ್ಕೆ ಅದೇ ಬಾಯಿಗೆ ಕೈ ಹಾಕಿ ಒಂದು ಹಿಡಿ ಕಾಳು ತೆಗೆದರೆ ಹದಿನಾರಲ್ಲದೆ ಇನ್ನೆಷ್ಟು ಬಂದೀತು? ಕೊಳವೆ ಚುಚ್ಚಿ ಐದಾರು ಚೀಲಗಳ ನಡುವಿನಿಂದ ಕಾಳು ತೆಗೆಯಬೇಕು, ಕಲಸಬೇಕು, ನೆರಳಲ್ಲಿ ಸ್ವಲ್ಪ ಹೊತ್ತು ಬಿಡಬೇಕು. ಬಟ್ಟಲಿಗೆ ಒತ್ತಿ ತುಂಬದೆ ಹೇಳಿದಷ್ಟೇ ಅಳತೆ ಹಾಕಿ, ಮೂರು ಸಲ ನೋಡಿ, ಸರಾಸರಿ ಬರೆಯಬೇಕು. ಯಂತ್ರ ಭತ್ತಕ್ಕೆ ಹೊಂದಿಸಿಟ್ಟಿದ್ದರೆ ಗೋವಿನಜೋಳದ ಅಂಕಿ ತಪ್ಪೇ ಬರುತ್ತದೆ, ಅದನ್ನೂ ನೋಡಿಕೊಳ್ಳಬೇಕು. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ಆದರೆ ಕೊಳವೆ ಕಚೇರಿಯ ಕಪಾಟಿನಲ್ಲಿತ್ತು, ಕಪಾಟಿನ ಬೀಗದ ಕೈ ರಜೆಯಲ್ಲಿದ್ದವರ ಹತ್ತಿರ ಇತ್ತು!

ಆಯಿತು, ಹದಿನಾರೇ ಇತ್ತು ಎಂದಿಟ್ಟುಕೊಳ್ಳೋಣ. ಶೇ 16 ತೇವಾಂಶದ ಒಂದು ಕ್ವಿಂಟಲ್‌ನಲ್ಲಿ ಒಣ ಪದಾರ್ಥ 84 ಕೆ.ಜಿ. ಅದನ್ನೇ ಶೇ 14ಕ್ಕೆ ಒಣಗಿಸಿದರೆ ತೂಕ 97.67 ಕೆ.ಜಿ.ಗೆ ನಿಲ್ಲುತ್ತದೆ. ಅಂದರೆ ನಷ್ಟ 2.33 ಕೆ.ಜಿ. 2025-26ರ ಬೆಂಬಲ ಬೆಲೆ 2,400 ರೂಪಾಯಿ ಹಿಡಿದರೆ 56 ರೂಪಾಯಿ. ಅಷ್ಟು ಮುರಿದುಕೊಂಡು ತೂಗಿಸಿಕೊಳ್ಳಿ ಎಂದರೆ ನಿಯಮದಲ್ಲಿ ಜಾಗವಿಲ್ಲವಂತೆ. ಅದೇ ಯಾರ್ಡಿನಲ್ಲಿ ವರ್ತಕರು ಕೂಗಿದ ಅಂದಿನ ಟೆಂಡರ್ ದರ 1,750. ಐವತ್ತಾರು ರೂಪಾಯಿಯ ನೀರಿಗೆ ಆರುನೂರೈವತ್ತು ರೂಪಾಯಿ ದಂಡ! ಅದರ ಮೇಲೆ ತೂಕದಲ್ಲಿ ಮುರಿದುಕೊಳ್ಳುವ ಸೂಟು, ಹಮಾಲಿ, ಎರಡು ದಿನದ ಟ್ರ್ಯಾಕ್ಟರ್ ಬಾಡಿಗೆ, ಚೀಲ ಇಳಿಸಿ ಮತ್ತೆ ಹೇರಿದ ಕೂಲಿ.

‘ಒಣಗಿಸಿ ತನ್ನಿ’ ಎನ್ನುವುದು ಸಾಹೇಬರಿಗೆ ಸಲೀಸು. ತೆನೆ ಮುರಿಯುವಾಗ ಕಾಳಿನಲ್ಲಿ ಇಪ್ಪತ್ತರ ಮೇಲೆ ತೇವ ಇರುತ್ತದೆ. ಹಸಿ ಇದ್ದಾಗ ಮಷಿನ್‌ಗೆ ಹಾಕಿದರೆ ಕಾಳು ಜಜ್ಜುತ್ತದೆ, ಜಜ್ಜಿದ ಕಾಳಿಗೆ ಬೂಷ್ಟು ಬೇಗ. ಎರಡು ಇಂಚಿಗಿಂತ ದಪ್ಪ ಹರಡದೆ, ದಿನಕ್ಕೆ ನಾಲ್ಕೈದು ಸಲ ಕೈಯಾಡಿಸಿ, ಸಂಜೆ ಗುಡ್ಡೆ ಹಾಕಿ ಮುಚ್ಚಿದರೆ ಮೂರು ನಾಲ್ಕು ಬಿಸಿಲಿಗೆ ಹಲ್ಲಿನಲ್ಲಿ ಟಕ್ಕನೆ ಒಡೆಯುವ ಹದ ಬರುತ್ತದೆ. ನವೆಂಬರ್‌ನಲ್ಲಿ ಮೋಡ ಕವಿದರೆ ಆ ನಾಲ್ಕು ಬಿಸಿಲನ್ನು ಎಲ್ಲಿಂದ ತರುವುದು? ಯಾರ್ಡಿನ ಸಿಮೆಂಟ್ ಕಣ ಇರುವುದೇ ಇದಕ್ಕೆ. ಅಲ್ಲಿ ವರ್ತಕರ ಲಾರಿ ನಿಂತಿರುತ್ತವೆ, ಮುಹೂರ್ತ ಇದ್ದ ದಿನ ಪಕ್ಕದ ಕಲ್ಯಾಣ ಮಂಟಪದ ಕಾರುಗಳೂ. ನಾವು ರಾಶಿ ಹರಡುವುದು ಡಾಂಬರು ರಸ್ತೆಯ ಮೇಲೆ. ಅದಕ್ಕೆ ಪೊಲೀಸರದ್ದು ಬೇರೆ ಬೈಗುಳ.

ಮೀಟರ್‌ವರೆಗೆ ಬಂದವರೇ ಪುಣ್ಯವಂತರು. ಅದಕ್ಕೂ ಮೊದಲು ಸರ್ಕಾರದ ರೈತ ನೋಂದಣಿ ಸಂಖ್ಯೆ, ಅಂದರೆ ಫ್ರೂಟ್ಸ್ ಐಡಿ ಬೇಕು, ಬೆಳೆ ಸಮೀಕ್ಷೆ ತಾಳೆಯಾಗಬೇಕು. ಗೋವಿನಜೋಳದ ಸಾಲುಗಳ ನಡುವೆ ಅಕ್ಕಡಿ ತೊಗರಿ ಹಾಕಿದ ಹೊಲವನ್ನು ಸಮೀಕ್ಷೆಯ ಹುಡುಗ ಬರೀ ತೊಗರಿ ಎಂದು ಫೋಟೊ ಹೊಡೆದು ಹೋಗಿರುತ್ತಾನೆ. ಪಹಣಿ ಅಜ್ಜನ ಹೆಸರಲ್ಲಿರುತ್ತದೆ, ಹೆಬ್ಬೆಟ್ಟು ಒತ್ತಲು ಅಜ್ಜ ಇಲ್ಲ.

ಇನ್ನು ಬೆಂಬಲ ಬೆಲೆಯ ಮಾತು. ರಾಗಿ, ಬಿಳಿಜೋಳ ಕೊಂಡರೆ ಪಡಿತರದಲ್ಲಿ ಹಂಚಬಹುದು. ಗೋವಿನಜೋಳವನ್ನು ನಮ್ಮ ರೇಷನ್ ಅಂಗಡಿಯಲ್ಲಿ ಯಾರಿಗೆ ಕೊಡುತ್ತಾರೆ? ಹಂಚಲಾಗದ ಕಾಳನ್ನು ಕೊಳ್ಳಲು ಸರ್ಕಾರಗಳು ಸುಲಭಕ್ಕೆ ಮುಂದಾಗುವುದಿಲ್ಲ, ಬೆಲೆ ಮಾತ್ರ ಬಿತ್ತನೆ ಹೊತ್ತಿಗೆ ತಪ್ಪದೆ ಘೋಷಣೆಯಾಗುತ್ತದೆ. ಬೆಂಬಲ ಬೆಲೆಗೆ ಮಾರುವ ರೈತರು ನೂರಕ್ಕೆ ಆರು ಮಂದಿ ಎಂದು 2015ರಲ್ಲೇ ಕೇಂದ್ರ ಸರ್ಕಾರ ನೇಮಿಸಿದ್ದ ಶಾಂತಕುಮಾರ್ ಸಮಿತಿ ಹೇಳಿತ್ತು. ಉಳಿದ ತೊಂಬತ್ನಾಲ್ಕು ಮಂದಿ ಬೆಲೆಯನ್ನು ಪೇಪರಿನಲ್ಲಿ ಓದುವವರು.

ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಬಂದರೆ ಗೋವಿನಜೋಳದ ದರ ಏರುತ್ತದೆ ಎಂದು ಭಾಷಣ ಮಾಡಿದವರು ಈಗ ಎಲ್ಲಿದ್ದಾರೋ. ಗೋವಿನಜೋಳದ ಎಥೆನಾಲ್‌ಗೆ ತೈಲ ಕಂಪನಿಗಳು ಕೊಡುವ ದರ 2024-25ರಲ್ಲಿ ಲೀಟರಿಗೆ 71.86 ರೂಪಾಯಿ ಎಂದು ನಿಗದಿಯಾಗಿತ್ತು. ಒಂದು ಕ್ವಿಂಟಲ್‌ಗೆ ಸುಮಾರು 38 ಲೀಟರ್ ಇಳಿಯುತ್ತದೆ, ಅಂದರೆ 2,700 ರೂಪಾಯಿಯ ಮೇಲೆ. ಉಳಿದ ಚರಟ ಪಶು ಆಹಾರಕ್ಕೆ ಬೇರೆ ಮಾರಾಟ. ಕಾರ್ಖಾನೆಗೂ ಖರ್ಚಿದೆ, ಒಪ್ಪೋಣ. ಆದರೆ ಕಾಳಿನಿಂದ ಇಳಿದ ರಸಕ್ಕೆ ಖಾತ್ರಿ ದರ, ಕಾಳಿಗೆ ದೇವರೇ ಗತಿ, ಇದು ಯಾವ ಊರಿನ ಲೆಕ್ಕ? ದೇಶದ ದುಡಿಯುವವರಲ್ಲಿ ನೂರಕ್ಕೆ 46 ಮಂದಿಗೆ ಕೃಷಿಯೇ ಕೆಲಸ ಎಂದು 2023-24ರ ಸರ್ಕಾರಿ ಸಮೀಕ್ಷೆಯೇ ಹೇಳುತ್ತದೆ. ಅವರ ಕೈ ಬರಿದಾದರೆ ಪೇಟೆಯ ಬಟ್ಟೆ ಅಂಗಡಿಯಲ್ಲೂ ನೊಣ ಹೊಡೆಯಬೇಕಾಗುತ್ತದೆ, ವರ್ತಕರ ಸಂಘಕ್ಕಾದರೂ ಇದು ತಿಳಿಯಬೇಕಿತ್ತು.

ಜುಲೈನಲ್ಲಿ ಯೂರಿಯಾಕ್ಕೆ ಪಾಳಿ ಹಚ್ಚಿಸಿದವರೂ ಇದೇ ಇಲಾಖೆಗಳವರೇ. ಆಗ 266 ರೂಪಾಯಿಯ ಚೀಲ ಬೇಕೆಂದರೆ ಜೊತೆಗೆ ದ್ರವರೂಪದ ನ್ಯಾನೋ ಗೊಬ್ಬರದ ಬಾಟಲಿ ಕೊಳ್ಳಬೇಕಿತ್ತು. ದೂರು ಕೊಟ್ಟೆವು, ‘ಪರಿಶೀಲಿಸಲಾಗುವುದು’ ಎಂಬ ಮೆಸೇಜ್ ಬಂತು. ಪರಿಶೀಲನೆ ಇನ್ನೂ ನಡೆದಿರಬೇಕು. ಯಾರ್ಡಿನ ಶೆಡ್ಡಿನ ತಗಡು ಹಾರಿ ಎರಡು ಮಳೆಗಾಲವಾಯಿತು, ಅದೂ ಪರಿಶೀಲನೆಯಲ್ಲಿದೆ.

ಮೇಲಧಿಕಾರಿಗಳು ಮೀಟರ್ ಬದಲಿಸಲಿ, ಇಲ್ಲವೇ ಮೀಟರ್ ಹಿಡಿಯುವವರನ್ನು ಬದಲಿಸಲಿ. ಎರಡೂ ಆಗದಿದ್ದರೆ ಗೇಟಿಗೆ ಕಟ್ಟಿದ ‘ರೈತ ಬಾಂಧವರಿಗೆ ಸುಸ್ವಾಗತ’ ಫ್ಲೆಕ್ಸ್ ಬಿಚ್ಚಿ ನಮಗೇ ಕೊಡಲಿ. ರಾತ್ರಿ ರಾಶಿ ಮುಚ್ಚಲು ತಾಡಪಾಲು ಸಾಲುತ್ತಿಲ್ಲ.

– ಒಬ್ಬ ಗೋವಿನಜೋಳ ಬೆಳೆಗಾರ, ಹಾವೇರಿ ಜಿಲ್ಲೆ