ಕೋಳಿಗೆ ಬಾಗಿಲು ತೆಗೆಯುವ ಹೊತ್ತು

ಪೋರ್ಟ್‌ಲ್ಯಾಂಡ್ ಹತ್ತಿರ, ಒರೆಗಾನ್
17 ಆಗಸ್ಟ್ 2025

ಪ್ರೀತಿಯ ಅಪ್ಪ, ಅಮ್ಮ, ಅಜ್ಜಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಪುಟ್ಟಿಗೆ ಸ್ಕೂಲ್ ರಜೆ ಇನ್ನೂ ಮುಗಿದಿಲ್ಲ. ಇವರಿಗೆ ಎಂದಿನಂತೆ ಆಫೀಸು. ಅಲ್ಲಿ ಮಳೆ ಹೇಗಿದೆ? ರಾಗಿ ಬಿತ್ತನೆ ಮುಗಿಯಿತಾ? ಬರೆಯಿರಿ.

ಅಪ್ಪ, ಹೋದ ಭಾನುವಾರ ಫೋನಿನಲ್ಲಿ ನೀವು ಕೇಳಿದ್ದು ವಾರವೆಲ್ಲ ನನ್ನ ತಲೆಯಲ್ಲೇ ಇತ್ತು. "ಮಾವಿನ ಮರದ ಕೆಳಗೆ ಕೋಳಿ ಬಿಟ್ಟರೆ ಹುಳ ಕಮ್ಮಿ ಆಗುತ್ತೇನಮ್ಮ? ನೀನು ನಿನ್ನ ಹಿತ್ತಲಲ್ಲಿ ಹಾಗೇ ಮಾಡ್ತೀಯಲ್ಲ" ಅಂದಿರಿ. ನಾನು "ಹ್ಞೂಂ, ಆಗುತ್ತೆ" ಅಂತ ಒಂದೇ ಮಾತಿನಲ್ಲಿ ಹೇಳಿಬಿಟ್ಟೆ. ಫೋನ್ ಇಟ್ಟ ಮೇಲೆ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಈ ಸಲ ಬಾದಾಮಿ ಮಾವಿನ ಹಣ್ಣಿನಲ್ಲಿ ಹುಳ ಬಿದ್ದು ನಿಮಗೆ ಎಷ್ಟು ನಷ್ಟ ಆಯಿತು ಅಂತ ಅಮ್ಮ ಹೇಳಿದ್ದಳು. ಅಂಥವರಿಗೆ ಒಂದೇ ಮಾತಿನ ಉತ್ತರ ಸಾಲದು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅಜ್ಜಿಗೆ ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ. ಅಮ್ಮ, ನೀನು ಇದನ್ನು ಅವರಿಗೆ ನಿಧಾನವಾಗಿ ಓದಿ ಹೇಳು.

ನಮ್ಮ ಹಿತ್ತಲು ದೊಡ್ಡದೇನಲ್ಲ. ಬೆಂಗಳೂರಿನ 40-60ರ ಸೈಟಿಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಅದರಲ್ಲಿ 2 ಸೇಬು, 1 ಪ್ಲಮ್, 1 ಪೀಚ್ ಮರ. ಬೇಲಿ ಉದ್ದಕ್ಕೂ ರಾಸ್ಪ್‌ಬೆರಿ, ಮೇರಿಯನ್‌ಬೆರಿ ಅನ್ನುವ ಮುಳ್ಳಿನ ಹಣ್ಣಿನ ಬಳ್ಳಿಗಳು. ಬಿಸಿಲು ಚೆನ್ನಾಗಿ ಬೀಳುವ ಕಡೆ ಬ್ಲೂಬೆರಿ ಗಿಡಗಳು. ಅಜ್ಜಿ, ಬ್ಲೂಬೆರಿ ಅಂದರೆ ಹೆಚ್ಚು ಕಮ್ಮಿ ನಮ್ಮ ಕವಳೆ ಹಣ್ಣಿನ ಗಾತ್ರ. ಮೇಲೆ ದ್ರಾಕ್ಷಿಗೆ ಇರುತ್ತಲ್ಲ, ಹಾಗೆ ಬೂದಿ ಬೂದಿ. ಹಿಂದಿನ ಮೂಲೆಯಲ್ಲಿ ಕೋಳಿಗೂಡು. ಈಗ 5 ಹೇಂಟೆ ಇವೆ. ಹುಂಜ ಸಾಕಲು ನಮ್ಮ ಊರಿನಲ್ಲಿ ಬಿಡುವುದಿಲ್ಲ, ಅಕ್ಕಪಕ್ಕದವರ ನಿದ್ದೆ ಕೆಡುತ್ತದೆ ಅಂತ. ಹುಂಜ ಕೂಗದೆ ಬೆಳಗಾಗುವುದು ನನಗೆ ಇವತ್ತಿಗೂ ಒಗ್ಗಿಲ್ಲ.

ಮೊದಲ ವರ್ಷ ಆದದ್ದನ್ನು ಮೊದಲು ಹೇಳುತ್ತೇನೆ. ಆ ತಪ್ಪು ನಿಮ್ಮ ತೋಟದಲ್ಲಿ ಆಗಬಾರದು.

ಬ್ಲೂಬೆರಿ ಬೇರು ಆಳಕ್ಕೆ ಇಳಿಯುವುದಿಲ್ಲ. ಹೆಚ್ಚಿನದೆಲ್ಲ ಮೇಲಿನ ಒಂದು ಅಡಿ ಮಣ್ಣಿನಲ್ಲೇ, ಕೂದಲಿನಷ್ಟು ಸಣ್ಣಗೆ ಹರಡಿರುತ್ತದೆ. ಆ ಬೇರು ತಂಪಾಗಿರಲಿ ಅಂತ ಇಲ್ಲಿ ಬುಡಕ್ಕೆ ಮರದ ಪುಡಿ ಹಾಸುತ್ತಾರೆ. ನಾನೂ ನಾಲ್ಕು ಬೆರಳು ದಪ್ಪ ಹಾಸಿದ್ದೆ. ಜುಲೈ ತಿಂಗಳು. ಇಲ್ಲಿ ಮಳೆ ಎಲ್ಲ ಚಳಿಗಾಲದಲ್ಲಿ, ಜುಲೈ ಆಗಸ್ಟಿನಲ್ಲಿ ಹನಿಯೂ ಬೀಳುವುದು ಅಪರೂಪ. ಒಂದು ಶನಿವಾರ ಕೋಳಿಗಳನ್ನು ಹಿತ್ತಲಿಗೆ ಬಿಟ್ಟು ನಾವು ಪೇಟೆಗೆ ಹೋದೆವು. ಸಂಜೆ ಬಂದು ನೋಡಿದರೆ ಪುಡಿಯೆಲ್ಲ ಹುಲ್ಲಿನ ಮೇಲೆ ಚೆಲ್ಲಿತ್ತು. ಪುಡಿಯೊಳಗೆ ಎರೆಹುಳ, ಗೊದ್ದ ಸಿಗುತ್ತವಲ್ಲ, ಅದಕ್ಕೆ ಬುಡಬುಡವನ್ನೂ ಕೆದಕಿ ಗುಂಡಿ ಮಾಡಿದ್ದವು. ಕಂದು ಬೇರು ಎಳೆಎಳೆಯಾಗಿ ಬಿಸಿಲಿಗೆ ಬಿದ್ದಿತ್ತು. ಮುಟ್ಟಿದರೆ ಒಣಗಿದ ತೆಂಗಿನ ನಾರು ಮುಟ್ಟಿದ ಹಾಗೆ. ಆವತ್ತು ರಾತ್ರಿಯೇ ಮಣ್ಣು ಮುಚ್ಚಿ ನೀರು ಕೊಟ್ಟೆ. ಆದರೂ ಹತ್ತು ದಿನದಲ್ಲಿ 3 ಗಿಡ ಒಣಗಿ ಹೋದವು. ಹೂ ಬಿಟ್ಟು ಕಾಯಿ ಕಟ್ಟಿದ್ದ ಗಿಡಗಳು ಅಪ್ಪ. ತುಂಬಾ ಅತ್ತೆ.

ಅಷ್ಟಕ್ಕೇ ನಿಲ್ಲಲಿಲ್ಲ. ಉಳಿದ ಗಿಡಗಳಿಗೆ ಚೈತನ್ಯ ಬರಲಿ ಅಂತ ಗೂಡಿನಿಂದ ಕೋಳಿ ಹಿಕ್ಕೆ ತೆಗೆದು ಬುಡಕ್ಕೆ ಹಾಕಿದೆ. ನಮ್ಮಲ್ಲಿ ಗೊಬ್ಬರ ಅಂದರೆ ಒಳ್ಳೆಯದೇ ಅಲ್ವಾ? ಆದರೆ ಹಸಿ ಕೋಳಿ ಗೊಬ್ಬರ ಸುಡುತ್ತದೆ. ಉಪ್ಪಿನ ಅಂಶವೂ ಅದರಲ್ಲಿ ಜಾಸ್ತಿ. ಬ್ಲೂಬೆರಿಗೆ ಬೇಕಾದ್ದು ಹುಳಿ ಮಣ್ಣು, ಹುಳಿ ಅಳೆಯುವ ಪಿಎಚ್ 4.5ರಿಂದ 5.5ರ ಒಳಗೆ ಇರಬೇಕು. ಕೋಳಿ ಗೊಬ್ಬರ ಬಿದ್ದಷ್ಟೂ ಆ ಹುಳಿ ಕಮ್ಮಿ ಆಗುತ್ತದೆ. ಎಲೆಯ ನರ ಮಾತ್ರ ಹಸಿರಾಗಿ ಉಳಿದು ಉಳಿದದ್ದೆಲ್ಲ ಹಳದಿ ಆಯಿತು. ಗಂಧಕ ಹಾಕಿ ಮಣ್ಣು ಸರಿ ಮಾಡಲು ಮುಂದಿನ ವರ್ಷದವರೆಗೆ ಕಾಯಬೇಕಾಯಿತು. ಗಂಧಕ ತಿಂಗಳುಗಟ್ಟಲೆ ನಿಧಾನವಾಗಿ ಕೆಲಸ ಮಾಡುತ್ತದೆ.

ಆಗ ನೆನಪಾದದ್ದು ಅಜ್ಜಿ. ನಾವು ಚಿಕ್ಕವರಿದ್ದಾಗ ಅಜ್ಜಿ ಬದನೆ, ಮೆಣಸಿನ ಸಸಿ ನೆಟ್ಟ ದಿನವೇ ಸುತ್ತಲೂ ಜಾಲಿ ಮುಳ್ಳು ಇಡುತ್ತಿದ್ದರು. ಕೊತ್ತಂಬರಿ ಪಾತಿಯ ಮೇಲೆ ಮುಳ್ಳಿನ ಕೊಂಬೆ ಮಲಗಿಸುತ್ತಿದ್ದರು. "ಕೋಳಿ ಕಾಲಿಗೆ ಕಣ್ಣಿಲ್ಲ" ಅಂತ ಬೈಯುತ್ತಲೇ ಇಡುತ್ತಿದ್ದರು. ದಿನಾ ನೋಡುತ್ತಿದ್ದೆ, ಯಾಕೆ ಅಂತ ಒಮ್ಮೆಯೂ ಕೇಳಿರಲಿಲ್ಲ. ಈಗ ನಮ್ಮ ಹಿತ್ತಲಲ್ಲಿ ಮುಳ್ಳಿನ ಬದಲು ತಂತಿ ಜಾಲರಿ. ಎಳೆ ಮರಗಳ ಸುತ್ತ ಒಂದೂವರೆ ಅಡಿ ಅಗಲಕ್ಕೆ ಚಪ್ಪಟೆ ಕಲ್ಲು ಜೋಡಿಸಿದ್ದೇನೆ. ಕಲ್ಲನ್ನು ಕೆದಕಲು ಅವಕ್ಕೆ ಆಗುವುದಿಲ್ಲ. ಬ್ಲೂಬೆರಿ ಸಾಲಿಗೆ ಪೂರ್ತಿ ಬೇಲಿ, ಮೇಲೆ ಬಲೆ. ಅಲ್ಲಿಗೆ ಕೋಳಿಗೆ ಯಾವಾಗಲೂ ಪ್ರವೇಶವಿಲ್ಲ.

ರಾಸ್ಪ್‌ಬೆರಿ, ಮೇರಿಯನ್‌ಬೆರಿ ಹಾಗಲ್ಲ. ಎರಡು ವರ್ಷ ದಾಟಿದ ಬಳ್ಳಿಯಾದರೆ ಕೆದಕಿದರೂ ತಡೆಯುತ್ತದೆ. ಕೋಳಿಗಳು ಬುಡದ ಕಳೆ ತಿಂದು ಚೊಕ್ಕ ಮಾಡುತ್ತವೆ. ಆಕಾಶದಲ್ಲಿ ಹದ್ದು ಕಂಡರೆ ಐದೂ ಓಡಿ ಮುಳ್ಳಿನ ಬಳ್ಳಿಯ ಕೆಳಗೆ ಸೇರಿಕೊಳ್ಳುತ್ತವೆ. ಕೆಂಪಿ ಅನ್ನುವ ಹೇಂಟೆ ಮಾತ್ರ ಕುಪ್ಪಳಿಸಿ ಕುಪ್ಪಳಿಸಿ ಕೆಳಗಿನ ಹಣ್ಣು ಕೀಳುತ್ತಾಳೆ. ಅವಳಿಗೆ ಎಟುಕುವಷ್ಟು ಅವಳಿಗೆ, ಮೇಲಿನದು ನಮಗೆ. ಮೇರಿಯನ್‌ಬೆರಿ ಈ ರಾಜ್ಯದವರೇ ಮಾಡಿದ ತಳಿ, ಇಲ್ಲಿನ ಮೇರಿಯನ್ ಜಿಲ್ಲೆಯ ಹೆಸರು ಅದಕ್ಕೆ. 1956ರಲ್ಲಿ ರೈತರ ಕೈಗೆ ಬಂತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರ ಗಿರಿರಾಜ ಕೋಳಿಯನ್ನು ನೀವು ಎಷ್ಟು ಅಭಿಮಾನದಿಂದ ತಂದು ಸಾಕಿದಿರಿ, ಇಲ್ಲಿಯವರಿಗೆ ಈ ಹಣ್ಣಿನ ಮೇಲೆ ಅಷ್ಟೇ ಅಭಿಮಾನ. ಜಾಮ್ ಮಾಡಿಟ್ಟಿದ್ದೇನೆ. ಬರುವಾಗ ತರುತ್ತೇನೆ.

ಈಗ ನೀವು ಕೇಳಿದ ವಿಷಯಕ್ಕೆ ಬರುತ್ತೇನೆ, ಹುಳದ್ದು.

ಸೇಬಿಗೆ ಇಲ್ಲಿ ಒಂದು ಪತಂಗದ ಕಾಟ. ಅದರ ಮರಿಹುಳ ಕಾಯಿ ಕೊರೆದು ನೇರ ಬೀಜದ ಹತ್ತಿರ ಹೋಗುತ್ತದೆ. ಬೀಜ ತಿಂದು ಬಲಿತ ಮೇಲೆ ಹೊರಗೆ ಬಂದು, ಕಾಂಡದ ತೊಗಟೆಯ ಸಂದಿನಲ್ಲೋ ಬುಡದ ಕಸದಲ್ಲೋ ಗೂಡು ಕಟ್ಟುತ್ತದೆ. ಹುಳ ಬಿದ್ದ ಕಾಯಿ ಎಷ್ಟೋ ಸಲ ಮೊದಲೇ ಉದುರುತ್ತದೆ. ನಮ್ಮ ಕೋಳಿಗಳು ದಿನಾ ಬೆಳಿಗ್ಗೆ ಮೊದಲು ಹೋಗುವುದು ಆ ಮರದ ಕೆಳಗೆ. ಉದುರಿದ ಕಾಯಿಯನ್ನು ಕುಕ್ಕಿ ಒಡೆದು, ಮೊದಲು ಹುಳ, ಆಮೇಲೆ ತಿರುಳು. ಒಂದು ಕಾಯಿಯೂ ಅಲ್ಲಿ ಕೊಳೆಯುವುದಿಲ್ಲ.

ಮರ ಹತ್ತುವ ಹುಳಕ್ಕೆ ಬೇರೆ ಉಪಾಯ ಇದೆ. ಸಾಮಾನು ಬರುವ ರಟ್ಟಿನ ಡಬ್ಬದ ಒಳಗೆ ಅಲೆಅಲೆಯಾಗಿ ಮಡಿಕೆ ಇರುತ್ತಲ್ಲ, ಆ ರಟ್ಟನ್ನು ಗೇಣಗಲ ಕತ್ತರಿಸಿ, ಮಡಿಕೆ ಒಳಮುಖ ಮಾಡಿ ಕಾಂಡಕ್ಕೆ ಸುತ್ತಿ ದಾರ ಕಟ್ಟುವುದು. ಹುಳ ಅದನ್ನೇ ತೊಗಟೆ ಅಂದುಕೊಂಡು ಮಡಿಕೆಯೊಳಗೆ ಸೇರುತ್ತದೆ. ಜೂನಿನಲ್ಲಿ ಕಟ್ಟುತ್ತೇನೆ. ಎರಡು ವಾರಕ್ಕೊಮ್ಮೆ ಬಿಚ್ಚುತ್ತೇನೆ. ನಿನ್ನೆ ಬಿಚ್ಚಿದ್ದೆ. ಪುಟ್ಟಿ ರಟ್ಟನ್ನು ನೆಲದ ಮೇಲೆ ಹಾಸಿ ಮೇಲಿನ ಪದರ ನಿಧಾನ ಸುಲಿದಳು. ಬಿಳಿ ನೂಲಿನ ಪುಟ್ಟ ಗೂಡುಗಳು, ಒಳಗೆ ಗುಲಾಬಿ ಬಣ್ಣದ ಹುಳ, ತಲೆ ಕಂದು. ರೇಷ್ಮೆಹುಳ ಗೂಡು ಕಟ್ಟುವ ನಮ್ಮ ಬಿದಿರಿನ ಚಂದ್ರಿಕೆಯಲ್ಲಿ ರೇಷ್ಮೆಗೂಡು ಬಿಡಿಸುತ್ತಿದ್ದದ್ದು ಕಣ್ಣ ಮುಂದೆ ಬಂತು. ಪುಟ್ಟಿ 11 ಎಣಿಸುವಷ್ಟರಲ್ಲಿ ಕೋಳಿಗಳು ಅವಳ ಕೈಸಂದಿನಲ್ಲೇ ಕೊಕ್ಕು ಹಾಕಿದವು. ಅರೆ ನಿಮಿಷದಲ್ಲಿ ರಟ್ಟು ಖಾಲಿ.

ಇದರಿಂದ ಹುಳ ಪೂರ್ತಿ ಹೋಯಿತು ಅಂತ ನಾನು ಹೇಳುವುದಿಲ್ಲ ಅಪ್ಪ. ಪಕ್ಕದ ಮನೆಯ ಮರದಿಂದ ಪತಂಗ ಹಾರಿ ಬರುತ್ತದೆ. ಆದರೆ ಮೊದಲು ಬುಟ್ಟಿಯಲ್ಲಿ ಅರ್ಧ ಹಣ್ಣು ಹುಳುಕು ಇರುತ್ತಿತ್ತು. ಈಗ ಐದಾರಕ್ಕೆ ಒಂದು.

ನಿಮ್ಮ ಮಾವಿನ ಹಣ್ಣು ನೊಣ ಇನ್ನೂ ಚೆನ್ನಾಗಿ ಕೋಳಿಗೆ ಸಿಗುವಂಥದ್ದು. ಅದರ ಹುಳ ಉದುರಿದ ಹಣ್ಣಿನಿಂದ ಹೊರಗೆ ಬಂದು ಮಣ್ಣಿಗೇ ಇಳಿಯುತ್ತದೆ. ಒಂದೆರಡು ಇಂಚು ಆಳದಲ್ಲಿ ಕೋಶ ಕಟ್ಟಿ, ಹತ್ತು ದಿನದ ಆಸುಪಾಸಿನಲ್ಲಿ ನೊಣವಾಗಿ ಎದ್ದು ಮತ್ತೆ ಹಣ್ಣಿಗೆ ಹೋಗುತ್ತದೆ. ಒಂದೆರಡು ಇಂಚು ಅಂದರೆ ಕೋಳಿ ಕೆದಕುವ ಆಳವೇ ಅಲ್ವಾ? ಮೊದಲ ಹಣ್ಣು ಉದುರಿದ ದಿನದಿಂದ ಕೊಯ್ಲು ಮುಗಿದು ಒಂದು ತಿಂಗಳವರೆಗೆ ಕೋಳಿ ಮರದ ಕೆಳಗೆ ಇರಲಿ. ಜೊತೆಗೆ ವಾಸನೆಯಿಂದ ನೊಣವನ್ನು ಸೆಳೆದು ಹಿಡಿಯುವ ಮೋಹಕ ಬಲೆ ಕಟ್ಟುವುದನ್ನು ಬಿಡಬೇಡಿ. ಹಾರುವ ನೊಣ ಬಲೆಗೆ, ಮಣ್ಣಿನ ಹುಳ ಕೋಳಿಗೆ.

ಆದರೆ ಹೂ ಬಿಡುವ ಕಾಲದಲ್ಲಿ ಖಂಡಿತ ಬೇಡ. ಜಿಗಿಹುಳಕ್ಕೆ ಮದ್ದು ಹೊಡೆಯುತ್ತೀರಲ್ಲ, ಆ ಮದ್ದು ಹುಲ್ಲಿನ ಮೇಲೆ, ಸತ್ತ ಹುಳದ ಮೇಲೆ ಇರುತ್ತದೆ. ಕೋಳಿ ಅದನ್ನೇ ಹೆಕ್ಕುತ್ತದೆ, ಮೊಟ್ಟೆ ನಾವು ತಿನ್ನುತ್ತೇವೆ. ಇಲ್ಲಿ ಪೀಚ್ ಎಲೆ ಮುರುಟುವ ರೋಗಕ್ಕೆ ಚಳಿಗಾಲದಲ್ಲಿ ತಾಮ್ರದ ಮದ್ದು ಹೊಡೆಯಬೇಕು, ನಮ್ಮ ಮೈಲುತುತ್ತದ ಥರದ್ದೇ. ಆಗ ನಾನು ಆ ಕಡೆ ಹಗ್ಗದ ಬಲೆ ಕಟ್ಟಿ ಕೋಳಿಗಳನ್ನು ವಾರಗಟ್ಟಲೆ ಬಿಡುವುದಿಲ್ಲ. ಅಲ್ಲೂ ಡಿಸೆಂಬರಿನಿಂದ ಮದ್ದಿನ ಕೆಲಸ ಮುಗಿಯುವವರೆಗೆ ಬೇರೆ ಕಡೆ ಮೇಯಲಿ. ನಾನು ಕಲಿತದ್ದು ಇಷ್ಟೇ ಅಪ್ಪ, ಕೋಳಿ ತೋಟಕ್ಕೆ ಒಳ್ಳೆಯದು, ಬಾಗಿಲು ಯಾವಾಗ ತೆಗೆಯಬೇಕು ಯಾವಾಗ ಹಾಕಬೇಕು ಅನ್ನುವುದು ನಮ್ಮ ಕೈಯಲ್ಲಿ ಇರಬೇಕು.

ಹಣ್ಣು ತಿನ್ನುವ ವಿಷಯದಲ್ಲೂ ಇಲ್ಲಿ ಒಂದು ಲೆಕ್ಕ ಇದೆ. ಸಾವಯವ ಬೇಸಾಯದವರು ಹಸಿ ಗೊಬ್ಬರ ಬಿದ್ದ 90 ದಿನ ಆಗುವವರೆಗೆ ಮರದ ಹಣ್ಣು ಕೊಯ್ಯುವಂತಿಲ್ಲ. ಸ್ಟ್ರಾಬೆರಿ ಥರ ಮಣ್ಣು ಮುಟ್ಟುವ ಹಣ್ಣಿಗೆ 120 ದಿನ. ಕೋಳಿ ಹಿಕ್ಕೆಯಲ್ಲಿ ಹೊಟ್ಟೆ ಕೆಡಿಸುವ ರೋಗಾಣು ಇರುತ್ತದೆ. ನಮ್ಮದು ಮನೆ ಮಟ್ಟಿನ ತೋಟ, ಆದರೂ ಕೋಳಿ ಓಡಾಡಿದ ಕಡೆ ನೆಲಕ್ಕೆ ಬಿದ್ದ ಹಣ್ಣನ್ನು ನಾವು ತಿನ್ನುವುದಿಲ್ಲ. ಅಮ್ಮ, ಮಕ್ಕಳು ಮಾವಿನ ಮರದ ಕೆಳಗೆ ಬಿದ್ದದ್ದನ್ನು ಲಂಗಕ್ಕೆ ಒರೆಸಿ ತಿನ್ನುತ್ತಾರಲ್ಲ, ಕೋಳಿ ಬಿಟ್ಟ ಮೇಲೆ ಅದು ಬೇಡ. ಗೂಡಿನ ಗೊಬ್ಬರವನ್ನು ಒಣ ಎಲೆ ಜೊತೆ ತಿಪ್ಪೆಯಲ್ಲಿ ಚೆನ್ನಾಗಿ ಕೊಳೆಸಿ ಆಮೇಲೆ ಮರಕ್ಕೆ ಹಾಕಿ. ಪ್ಲಮ್ ಮರಕ್ಕೆ ಹಾಗೇ ಹಾಕಿದೆ. ಈ ವರ್ಷ ಕೊಂಬೆಗೆ ಊರೆಗೋಲು ಕೊಡಬೇಕಾಯಿತು.

ಹೋದ ವರ್ಷ ಬೂದಿ ಅನ್ನುವ ಹೇಂಟೆಯನ್ನು ಕಳೆದುಕೊಂಡೆವು. ಇಲ್ಲಿ ರಕೂನ್ ಅಂತ ಒಂದು ಪ್ರಾಣಿ. ಬೆಕ್ಕಿಗಿಂತ ದೊಡ್ಡದು, ಕಣ್ಣಿನ ಸುತ್ತ ಕಪ್ಪು ಪಟ್ಟಿ. ಮುಂಗಾಲು ಮನುಷ್ಯರ ಕೈ ಇದ್ದ ಹಾಗೆ, ಚಿಲಕ ತೆಗೆಯುತ್ತದೆ. ಒಂದು ರಾತ್ರಿ ನಾನು ಚಿಲಕ ಮಾತ್ರ ಹಾಕಿ ಕೊಕ್ಕೆ ಸಿಕ್ಕಿಸುವುದನ್ನು ಮರೆತೆ. ಬೆಳಿಗ್ಗೆ ರೆಕ್ಕೆಪುಕ್ಕ ಮಾತ್ರ ಇತ್ತು. ಅವಳನ್ನು ಸೇಬಿನ ಮರದ ಹತ್ತಿರ ಹೂತೆವು ಅಂತ ಬರೆಯೋಣ ಅಂದರೆ ಹೂಳಲೂ ಏನೂ ಉಳಿದಿರಲಿಲ್ಲ. ಈಗ ಅರ್ಧ ಇಂಚು ಕಣ್ಣಿನ ಗಟ್ಟಿ ಜಾಲರಿ, ಎರಡು ಬೀಗ. ನಿಮ್ಮಲ್ಲಿ ಮುಂಗುಸಿ, ಕಾಡುಬೆಕ್ಕು, ನಾಯಿ ಇವೆ. ಗೂಡಿಗೆ ದುಡ್ಡು ಉಳಿಸಬೇಡಿ ಅಪ್ಪ.

ಚಳಿಗಾಲದ ಮೊಟ್ಟೆ ಬಗ್ಗೆ ಅಮ್ಮ ಕೇಳಿದ್ದಳು. ಡಿಸೆಂಬರಿನಲ್ಲಿ ಇಲ್ಲಿ ಹಗಲು 9 ಗಂಟೆಯೂ ಇರುವುದಿಲ್ಲ. ಬೆಳಕು ಕಮ್ಮಿಯಾದರೆ ಕೋಳಿ ಮೊಟ್ಟೆ ನಿಲ್ಲಿಸುತ್ತವೆ. ನಾನು ಬಲ್ಬು ಹಾಕುವುದಿಲ್ಲ. ಸುಮ್ನೆ ಇರಲಿ, ಅವಕ್ಕೂ ವಿಶ್ರಾಂತಿ ಬೇಕು. ಫೆಬ್ರವರಿಯಲ್ಲಿ ತಾವಾಗಿ ಮತ್ತೆ ಶುರು ಮಾಡುತ್ತವೆ.

ಅಜ್ಜಿ, ಈಗ ನಿಮ್ಮನ್ನು ಒಂದು ಕೇಳಬೇಕು. ನಮ್ಮ ಗೌರಿ, ಆ ಬಂಗಾರದ ಬಣ್ಣದ ದಪ್ಪ ಹೇಂಟೆ, ಕಾವಿಗೆ ಕೂತು ಇವತ್ತಿಗೆ 16 ದಿನ. ಹುಂಜ ಇಲ್ಲದ ಮೊಟ್ಟೆ, ಮರಿ ಆಗುವುದಿಲ್ಲ. ಮೊಟ್ಟೆ ತೆಗೆದರೂ ಬರೀ ಹುಲ್ಲಿನ ಮೇಲೆ ಕೂತಿದ್ದಾಳೆ. ಎದೆಯ ಪುಕ್ಕ ಕಿತ್ತುಕೊಂಡಿದ್ದಾಳೆ. ಮೈ ಬೆಚ್ಚಗೆ ಸುಡುತ್ತದೆ. ಕೈ ಹಾಕಿದರೆ ಉಬ್ಬಿಕೊಂಡು ಗುರ್ ಅನ್ನುತ್ತಾಳೆ. ಮೇರಿಯನ್‌ಬೆರಿ ತಂದು ಮುಂದೆ ಇಟ್ಟರೂ ತಿನ್ನಲ್ಲ, ಅವಳಿಗೆ ಅದಕ್ಕಿಂತ ಇಷ್ಟವಾದದ್ದು ಬೇರೆ ಇಲ್ಲ. ನೀವು ಕಾವು ಬಿಡಿಸಲು ಕೋಳಿಯನ್ನು ನೀರಿನಲ್ಲಿ ಅದ್ದಿ ಮಂಕರಿ ಕೆಳಗೆ ಮುಚ್ಚಿಡುತ್ತಿದ್ದದ್ದು ನೆನಪಿದೆ. ಎಷ್ಟು ಹೊತ್ತು ಮುಚ್ಚುತ್ತಿದ್ದಿರಿ? ಒಂದು ದಿನವಾ, ಮೂರು ದಿನವಾ? ಒಳಗೆ ನೀರು, ಕಾಳು ಇಡುತ್ತಿದ್ದಿರಾ? ಅಮ್ಮ, ಅಜ್ಜಿ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ಕಳಿಸು. ಕಾಗದ ಬರುವವರೆಗೆ ಕಾಯಲು ಆಗುವುದಿಲ್ಲ, ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕು.

ಗೌರಿ ಹಬ್ಬ ಹತ್ತಿರ ಬಂತು. ಬಾಗಿನಕ್ಕೆ ಈ ಸಲ ನಮ್ಮ ಮರದ ಸೇಬನ್ನೇ ಇಡುತ್ತೇನೆ.

ಎಲ್ಲರನ್ನೂ ಕೇಳಿದೆ ಅಂತ ಹೇಳಿ.

ಇತಿ,
ನಿಮ್ಮ ಪ್ರೀತಿಯ ಮಗಳು