ಕ್ಲಿಕ್ ಲೆಕ್ಕ ತಪ್ಪುವ 4–16×44 ರೈಫಲ್ ಸ್ಕೋಪ್‌ಗಳ ಬಗ್ಗೆ ದೂರು

ಇಂದ,
ಉಪಕರಣ ಸಮಿತಿ, ಶೂಟಿಂಗ್ ಕ್ಲಬ್

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ಮೂರು ಸ್ಕೋಪ್‌ಗಳ ಬದಲಿ, ಒಂದರ ದುರಸ್ತಿ ಹಾಗೂ ತಮ್ಮ ಪರಿಚಯ ಪುಸ್ತಿಕೆಯ ಆಯ್ಕೆ ಪಟ್ಟಿಯ ತಿದ್ದುಪಡಿ ಕೋರಿ.

ಮಾನ್ಯರೇ,

ತಮ್ಮ ಪರಿಚಯ ಪುಸ್ತಿಕೆಯಲ್ಲಿ ಸ್ಕೋಪ್ ಆರಿಸಿಕೊಳ್ಳಲು ಒಂದು ಪಟ್ಟಿ ಇದೆ. ಅದರಲ್ಲಿ ‘ಬೇಟೆ’ ಮತ್ತು ‘ಗುರಿ ಶೂಟಿಂಗ್’ ಎರಡಕ್ಕೂ ಸಲ್ಲುವುದೆಂದು ತೋರಿಸಿರುವುದು ಒಂದೇ ಮಾದರಿ: 4–16×44 (4ರಿಂದ 16 ಪಟ್ಟು ಹಿಗ್ಗಿಸುವ ಪವರ್, 44 ಮಿ.ಮೀ. ಮುಂದಿನ ಲೆನ್ಸ್), 30 ಮಿ.ಮೀ. ಕೊಳವೆ, 0.1 ಮಿಲ್ ಕ್ಲಿಕ್ (ಮಿಲ್ ಎಂದರೆ ದೂರದ ಸಾವಿರದಲ್ಲೊಂದು ಭಾಗದಷ್ಟು ಕೋನ, ಕ್ಲಿಕ್ ಎಂದರೆ ತಿರುಪು ತಿರುಗುವ ಒಂದು ಹೆಜ್ಜೆ), ಪಕ್ಕದಲ್ಲಿ ಪ್ಯಾರಲಾಕ್ಸ್ (ಕಣ್ಣು ಸರಿದರೆ ಗುರಿಗೆರೆಯೂ ಸರಿದಂತೆ ಕಾಣುವ ದೋಷ) ನೀಗಿಸುವ ತಿರುಪು. ಆ ಮಾದರಿಯ ನಾಲ್ಕು ಸ್ಕೋಪ್ ತರಿಸಿಕೊಂಡು ಪರೀಕ್ಷಿಸಿದಾಗ ಮೂರರಲ್ಲಿ ಟರೆಟ್ (ಗುರಿಯನ್ನು ಏರಿಸಿ ಇಳಿಸುವ ತಿರುಪು) ಲೆಕ್ಕವೇ ತಪ್ಪಿದೆ. ನಮ್ಮ ಮೊದಲ ದೂರಿಗೆ ತಾವು ಎರಡು ಸಾಲಿನ ಉತ್ತರ ಕೊಟ್ಟಿರಿ: ‘ರಿಂಗ್ ಅಳವಡಿಕೆಯ ದೋಷ, ವಾರಂಟಿ ಅನ್ವಯಿಸುವುದಿಲ್ಲ.’ ಸ್ಕೋಪನ್ನು ಕೋವಿಗೆ ಹಿಡಿದಿಡುವ ರಿಂಗಿನ ಅಳವಡಿಕೆ ತಪ್ಪಿದ್ದರೆ ಅದಕ್ಕೆ ಅದರದೇ ಲಕ್ಷಣಗಳಿರುತ್ತವೆ. ಇಲ್ಲಿ ಕಾಣುತ್ತಿರುವುದು ಬೇರೆ. ಅದನ್ನು ಅಳತೆ ಸಮೇತ ಬರೆದು ಮತ್ತೆ ದೂರು ಕೊಡುತ್ತಿದ್ದೇವೆ.

ಮೊದಲು ಪರೀಕ್ಷೆಯ ಕ್ರಮ. ಗುಂಡು ಹಾರಿಸಿ ಕ್ಲಿಕ್ ಅಳೆಯಲು ಹೋದರೆ ಕೋವಿಯ ಚದುರು, ತೋಟೆಯ ಚದುರು, ಹೊಡೆಯುವವನ ಕೈ ಎಲ್ಲವೂ ಅದರೊಳಗೆ ಬೆರೆತುಬಿಡುತ್ತವೆ. ಆದ್ದರಿಂದ ಒಂದೂ ಈಡು ಹೊಡೆಯದೆ ಪರೀಕ್ಷೆ ಮಾಡಲಾಗಿದೆ. ನೆಲಕ್ಕೆ ಬೋಲ್ಟ್ ಹಾಕಿದ ಭಾರದ ಹಿಡಿಕೆಗೆ ಪಿಕಾಟಿನ್ನಿ ಹಳಿ (ಸ್ಕೋಪ್ ಕೂರಿಸುವ ಹಲ್ಲುಪಟ್ಟಿ) ಬಿಗಿದು, ಸ್ಕೋಪನ್ನು ಅದರ ಮೇಲೆ ಕೂರಿಸಿದ್ದೇವೆ. ಉಕ್ಕಿನ ಟೇಪಿನಲ್ಲಿ ಅಳೆದ 100 ಮೀಟರ್ ದೂರದಲ್ಲಿ ಮಿಲಿಮೀಟರ್ ಗೆರೆಗಳ ಉದ್ದ ಪಟ್ಟಿಯೊಂದನ್ನು ತೂಗುಗುಂಡು ಬಿಟ್ಟು ನೆಟ್ಟಗೆ ನಿಲ್ಲಿಸಿ, ರೆಟಿಕಲ್‌ನ (ಸ್ಕೋಪಿನೊಳಗಿನ ಗುರಿಗೆರೆಗಳ) ನಿಲುವುಗೆರೆಯನ್ನು ತೂಗುದಾರಕ್ಕೆ ಸರಿಹೊಂದಿಸಲಾಗಿದೆ. 100 ಮೀಟರಿನಲ್ಲಿ 1 ಮಿಲ್ ಎಂದರೆ 100 ಮಿ.ಮೀ. ಹಾಗಾಗಿ 100 ಕ್ಲಿಕ್ ಏರಿಸಿದರೆ ಅಡ್ಡಗೆರೆ ಪಟ್ಟಿಯ ಮೇಲೆ 1000 ಮಿ.ಮೀ. ಸರಿಯಬೇಕು. ಒಂದನೆಯ ಸ್ಕೋಪ್ 958, ಎರಡನೆಯದು 961, ಮೂರನೆಯದು 957, ನಾಲ್ಕನೆಯದು 996 ಮಿ.ಮೀ. ಸರಿದವು. ಪ್ರತಿಯೊಂದನ್ನೂ ಮೂರು ಸಲ ಅಳೆದಿದ್ದೇವೆ.

ನಾಲ್ಕನೆಯ ಸ್ಕೋಪೂ ತಮ್ಮ ಕಾರ್ಖಾನೆಯದೇ. ಅದೇ ಹಳಿ, ಅದೇ ರಿಂಗ್, ಅದೇ ಪಟ್ಟಿ, ಅದೇ ಕಣ್ಣು. ದೂರದ ಅಳತೆ ತಪ್ಪಿದ್ದರೆ ಅದೂ ತಪ್ಪಬೇಕಿತ್ತು. ಸ್ಕೋಪ್ ವಾಲಿತ್ತು ಎನ್ನುವ ವಾದವನ್ನೂ ಲೆಕ್ಕ ಹಾಕಿ ನೋಡಿದೆವು. ಬರೀ ವಾಲಿಕೆಯಿಂದ 1000 ಮಿ.ಮೀ. ಏರಿಕೆ 958ಕ್ಕೆ ಇಳಿಯಬೇಕಾದರೆ ಸ್ಕೋಪ್ 16 ಡಿಗ್ರಿಗೂ ಹೆಚ್ಚು ವಾಲಿರಬೇಕು. ಆಗ ರೆಟಿಕಲ್ ಪಕ್ಕಕ್ಕೆ 280 ಮಿ.ಮೀ.ಗಿಂತ ಹೆಚ್ಚು ಸರಿದುಹೋಗಿರುತ್ತದೆ, ಅದು ಕುರುಡನಿಗೂ ಕಂಡೀತು. ನಮ್ಮ ಅಳತೆಯಲ್ಲಿ ಪಕ್ಕದ ಸರಿತ ಯಾವ ಸ್ಕೋಪಿನಲ್ಲೂ 5 ಮಿ.ಮೀ. ದಾಟಿಲ್ಲ.

ಇನ್ನು ರಿಂಗ್ ಜಾರಿಕೆ. ರಿಂಗ್ ಸಡಿಲವಾದರೆ ಜೀರೋ (ಮೊದಲೇ ಹೊಂದಿಸಿಟ್ಟ ಗುರಿಬಿಂದು) ಒಮ್ಮೆಲೇ ನೆಗೆಯುತ್ತದೆ, ಇಲ್ಲವೇ ಒಂದೊಂದು ಈಡಿಗೂ ಒಂದೇ ದಿಕ್ಕಿಗೆ ತೆವಳುತ್ತದೆ. ಕೊಳವೆಯ ಮೇಲೆ ಉಜ್ಜಿದ ಗುರುತೂ ಬೀಳುತ್ತದೆ. ಪ್ರತಿ ಕ್ಲಿಕ್ಕಿಗೂ ನೂರಕ್ಕೆ ನಾಲ್ಕರಂತೆ ಸಮನಾಗಿ ಕದಿಯುವ ರಿಂಗ್ ಎಲ್ಲೂ ಇಲ್ಲ. ಸಮಪ್ರಮಾಣದ ತಪ್ಪು ಬರುವುದು ಮುಖ್ಯವಾಗಿ ಎರಡು ಕಡೆಯಿಂದ: ಟರೆಟ್ ತಿರುಪಿನ ಎಳೆಯ ಅಂತರ, ಅಥವಾ ಮುಂದಿನ ಲೆನ್ಸ್ ಗುಂಪಿನ ಫೋಕಲ್ ದೂರ. ಲೆನ್ಸ್ ಹೊತ್ತು ಸ್ಕೋಪಿನೊಳಗೆ ಅಲುಗುವ ಒಳಕೊಳವೆಯನ್ನು ತಿರುಪು ಎಷ್ಟು ತಳ್ಳುತ್ತದೆ ಎನ್ನುವುದನ್ನು ಆ ಫೋಕಲ್ ದೂರದಿಂದ ಭಾಗಿಸಿದರೆ ಬರುವುದೇ ಒಂದು ಕ್ಲಿಕ್ಕಿನ ಕೋನ. ಮೂರು ಸ್ಕೋಪ್‌ಗಳು 957ರಿಂದ 961ರೊಳಗೇ ನಿಂತಿರುವುದನ್ನು ನೋಡಿದರೆ ಒಂದೇ ಕಂತಿನಲ್ಲಿ ತಯಾರಾದ ಬಿಡಿಭಾಗ ಹೊಂದಿಕೆಯಾಗದೆ ಹೋಗಿದೆ ಎಂದೇ ನಮ್ಮ ಅನುಮಾನ. ತಮ್ಮ ಜೋಡಣೆ ವಿಭಾಗದವರು ಆ ಕಂತಿನ ಲೆನ್ಸ್ ಮತ್ತು ತಿರುಪು ಎರಡನ್ನೂ ತೆಗೆದು ನೋಡಲಿ.

ಎರಡನೆಯ ಸ್ಕೋಪಿನಲ್ಲಿ ಇದರ ಮೇಲೆ ಇನ್ನೊಂದು ಕಾಯಿಲೆ. ಮೇಲಕ್ಕೆ ಏರಿಸುವಾಗ, ಅದರಲ್ಲೂ ಏರಿಕೆಯ ಕೊನೆಯ ಹತ್ತಿರ, ಮೂರು ಕ್ಲಿಕ್ ತಿರುಗಿಸಿದರೂ ರೆಟಿಕಲ್ ಅಲುಗುವುದಿಲ್ಲ. ನಾಲ್ಕನೆಯದಕ್ಕೆ ನಾಲ್ಕೂ ಒಟ್ಟಿಗೆ ನೆಗೆಯುತ್ತದೆ. ಇಳಿಸುವಾಗ ಈ ತೊಂದರೆ ಇಲ್ಲ. ಕಾರಣ ಸರಳ. ಇಳಿಸುವಾಗ ತಿರುಪೇ ಒಳಕೊಳವೆಯನ್ನು ಒತ್ತುತ್ತದೆ, ಏರಿಸುವಾಗ ತಿರುಪು ಹಿಂದೆ ಸರಿದು, ಸ್ಪ್ರಿಂಗ್ ಕೊಳವೆಯನ್ನು ಅದರ ಬೆನ್ನಿಗೆ ತಳ್ಳಬೇಕು. ಸ್ಪ್ರಿಂಗ್ ಬಲ ಸಾಲದಿದ್ದರೆ ಕೊಳವೆ ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಕೋವಿಯ ಮೇಲಿಟ್ಟಾಗ ಮೊದಲ ಈಡು ಕೆಳಗೆ ಬಿದ್ದು, ಒದೆತಕ್ಕೆ ಕೊಳವೆ ಸಡಿಲಗೊಂಡು ಎರಡನೆಯದು ಸರಿಯಾದ ಜಾಗಕ್ಕೆ ಹೋಗುತ್ತದೆ. ಇದಕ್ಕೆ ತಮ್ಮ ಸೇವಾ ವಿಭಾಗ ಫೋನಿನಲ್ಲಿ ಕೊಟ್ಟ ಮದ್ದು, ‘ಟರೆಟ್ ಮೇಲೆ ನಾಣ್ಯದಿಂದ ಎರಡು ಸಲ ತಟ್ಟಿ’ ಎಂಬುದು. ತಟ್ಟಿದರೆ ಸರಿಹೋಗುತ್ತದೆ, ನಿಜ. ಆದರೆ ತಟ್ಟಿದರೆ ಸರಿಹೋಗುವುದೇ ಸ್ಪ್ರಿಂಗ್ ಸೋತಿದೆ ಎನ್ನುವುದಕ್ಕೆ ಸಾಕ್ಷಿ, ಅದನ್ನು ಬಳಕೆಯ ವಿಧಾನವೆಂದು ಹೇಳಿಕೊಟ್ಟರೆ ಹೇಗೆ? ಬೇಟೆಯಲ್ಲಿ ಸಿಗುವುದು ಬಹುಮಟ್ಟಿಗೆ ಮೊದಲ ಈಡು ಒಂದೇ.

ಪ್ಯಾರಲಾಕ್ಸ್ ವಿಷಯದಲ್ಲಿ ನಾಲ್ಕೂ ಸ್ಕೋಪ್‌ಗಳ ತಿರುಪಿನ ಮೇಲಿನ ಅಂಕಿಗಳು ಅಲಂಕಾರಕ್ಕಷ್ಟೇ ಇವೆ. ‘ಕಣ್ಣಿನ ಬದಿಯ ಫೋಕಸ್ ಸರಿಮಾಡಿಕೊಂಡಿಲ್ಲ’ ಎಂಬ ಉತ್ತರ ಮತ್ತೆ ಬಾರದಿರಲಿ ಎಂದು ಅದನ್ನೂ ಬರೆಯುತ್ತೇವೆ. ಖಾಲಿ ಆಕಾಶದತ್ತ ಸ್ಕೋಪ್ ಹಿಡಿದು, ಒಂದೆರಡು ಕ್ಷಣ ಮಾತ್ರ ನೋಡಿ ಕಣ್ಣು ತೆಗೆದು, ರೆಟಿಕಲ್ ಕಣ್ಣಿಟ್ಟ ಕ್ಷಣಕ್ಕೇ ಕಪ್ಪಗೆ ಚೂಪಾಗಿ ಕಾಣುವವರೆಗೆ ಹಿಂದಿನ ಉಂಗುರ ತಿರುಗಿಸಬೇಕು. ಬಹಳ ಹೊತ್ತು ನೋಡುತ್ತ ಕೂತರೆ ಕಣ್ಣು ತಾನೇ ಹೊಂದಿಕೊಂಡು ಮೋಸ ಮಾಡುತ್ತದೆ. ಅದಾದ ಮೇಲೆ ಮುಟ್ಟಬೇಕಾದದ್ದು ಪಕ್ಕದ ತಿರುಪನ್ನು ಮಾತ್ರ. ಕೋವಿ ಅಲುಗದಂತೆ ಇಟ್ಟು ತಲೆಯನ್ನು ತುಸುವೇ ಆಚೀಚೆ ಆಡಿಸಿದಾಗ ರೆಟಿಕಲ್ ಗುರಿಯ ಮೇಲೆ ತೇಲದಿದ್ದರೆ ಆ ದೂರಕ್ಕೆ ಪ್ಯಾರಲಾಕ್ಸ್ ಇಲ್ಲ ಎಂದರ್ಥ. ಹೀಗೆ ನೋಡಿದಾಗ 100 ಮೀಟರ್ ಗುರಿಗೆ ತಿರುಪು 150ರ ಮೇಲೆ ನಿಲ್ಲುತ್ತದೆ. ಇದನ್ನು ಸಹಿಸಬಹುದು, ಬಿಳಿ ಟೇಪ್ ಸುತ್ತಿ ಅಂಕಿ ಬರೆದುಕೊಂಡರಾಯಿತು. ಸಹಿಸಲಾಗದ್ದು ಇನ್ನೊಂದು: ‘ಅನಂತ’ ಗುರುತಿನವರೆಗೆ ತಿರುಗಿಸಿದರೂ ತೇಲು ನಿಲ್ಲುವುದು 180 ಮೀಟರಿನ ಗುರಿಗೆ ಮಾತ್ರ. ಅದರಾಚೆಗೆ ತಿರುಪಿಗೆ ಜಾಗವೇ ಇಲ್ಲ. 44 ಮಿ.ಮೀ. ಮುಂದಿನ ಲೆನ್ಸಿಗೆ, ಕಣ್ಣು ಪೂರ್ತಿ ಅಂಚಿಗೆ ಸರಿದಿದ್ದರೆ, 300 ಮೀಟರಿನಲ್ಲಿ ಬರುವ ತಪ್ಪು ಲೆನ್ಸಿನ ಅರ್ಧ ವ್ಯಾಸವಾದ 22 ಮಿ.ಮೀ.ನ ಮೂರನೇ ಎರಡು ಭಾಗ, ಅಂದರೆ ಸುಮಾರು 15 ಮಿ.ಮೀ.

ಈ ಎರಡು ದೋಷ ಒಟ್ಟು ಸೇರಿದರೆ ಏನಾಗುತ್ತದೆ ನೋಡಿ. 300 ಮೀಟರಿಗೆ 2.5 ಮಿಲ್ ಏರಿಸಬೇಕಾದ ತೋಟೆ ಎಂದಿಟ್ಟುಕೊಳ್ಳೋಣ. ನೂರಕ್ಕೆ 4.2ರಷ್ಟು ಕೊರತೆಯ ಟರೆಟ್ ಅಲ್ಲಿ ಗುಂಡನ್ನು 31 ಮಿ.ಮೀ. ಕೆಳಗೆ ಬೀಳಿಸುತ್ತದೆ. ಪ್ಯಾರಲಾಕ್ಸ್ ಅದೇ ದಿಕ್ಕಿಗೆ ಸೇರಿಕೊಂಡರೆ 46 ಮಿ.ಮೀ. 300 ಮೀಟರ್ ಸ್ಪರ್ಧೆಯ ಗುರಿಹಲಗೆಯಲ್ಲಿ 10ರ ವೃತ್ತದ ವ್ಯಾಸ 100 ಮಿ.ಮೀ., ನಡುವಿನಿಂದ ಅಂಚಿಗೆ 50. ಉಸಿರು, ಗಾಳಿ, ಕೋವಿಯ ಕುದುರೆ (ಟ್ರಿಗರ್) ಎಳೆಯುವ ಬೆರಳು ಇವೆಲ್ಲದರ ತಪ್ಪಿಗೆ ತಮ್ಮ ಸ್ಕೋಪ್ ಉಳಿಸಿಕೊಟ್ಟ ಜಾಗ 4 ಮಿ.ಮೀ.

ರೆಟಿಕಲ್ ಬಗ್ಗೆ ಹೇಳುವುದು ದೋಷವಲ್ಲ, ಮುಚ್ಚಿಟ್ಟ ಮಾಹಿತಿ. ಇದು ಎರಡನೇ ಫೋಕಲ್ ತಲದ ರೆಟಿಕಲ್. ಅಂದರೆ ಪವರ್ ಏರಿಸಿದರೆ ಗುರಿ ದೊಡ್ಡದಾಗುತ್ತದೆ, ಗೆರೆಗಳು ಇದ್ದಷ್ಟೇ ಇರುತ್ತವೆ. ಹಾಗಾಗಿ ಮಿಲ್ ಗುರುತುಗಳು ಒಂದೇ ಒಂದು ಪವರಿನಲ್ಲಿ ಸರಿ. ಅದು ಯಾವುದೆಂದು ಪುಸ್ತಿಕೆಯಲ್ಲಿಲ್ಲ, ಡಬ್ಬಿಯ ಮೇಲಿಲ್ಲ, ಪವರ್ ಉಂಗುರದ ಮೇಲೆ ಚುಕ್ಕೆಯೂ ಇಲ್ಲ. ಇಂಥ ಸ್ಕೋಪ್‌ಗಳಲ್ಲಿ ಹೆಚ್ಚಾಗಿ ಅದು ಗರಿಷ್ಠ ಪವರ್ ಆಗಿರುತ್ತದೆ. ಹಾಗೆಂದು 16 ಎಂದು ನಂಬಿ ಅಳೆದರೆ ಒಂದು ಗುರುತಿಗೆ 75 ಮಿ.ಮೀ. ಮಾತ್ರ ಬಂತು. 100 ಮಿ.ಮೀ. ಪಟ್ಟಿಯೊಂದನ್ನು 100 ಮೀಟರಿನಲ್ಲಿಟ್ಟು, ಎರಡು ಗುರುತುಗಳ ನಡುವೆ ಅದು ಸರಿಯಾಗಿ ಕೂರುವವರೆಗೆ ಉಂಗುರ ತಿರುಗಿಸಿದಾಗ 12ರಲ್ಲಿ ಸಿಕ್ಕಿತು. ಈಗ ಪವರನ್ನು 6ಕ್ಕೆ ಇಳಿಸಿಕೊಂಡಿರುವ ಬೇಟೆಗಾರನನ್ನು ನೆನೆಸಿಕೊಳ್ಳಿ. ಅವನ ಒಂದು ಗುರುತು 2 ಮಿಲ್. 200 ಮೀಟರಿನಲ್ಲಿ 200 ಮಿ.ಮೀ. ಎತ್ತಿ ಹಿಡಿದೆನೆಂದು ಅವನು ನಂಬಿರುವಾಗ ಕೋವಿ 400 ಮಿ.ಮೀ. ಎತ್ತಿ ಹಿಡಿದಿರುತ್ತದೆ. ಗುಂಡು ಬೆನ್ನಿನ ಮೇಲಿಂದ ಹಾರಿಹೋದರೆ ಪುಣ್ಯ, ಇಲ್ಲವಾದರೆ ಗಾಯಗೊಂಡು ಓಡಿದ ಪ್ರಾಣಿ ನರಳಿ ಸಾಯುತ್ತದೆ. ಎರಡನೇ ತಲದ ರೆಟಿಕಲ್ ಬೇಡ ಎನ್ನುತ್ತಿಲ್ಲ. ಮೊದಲನೇ ತಲದ್ದರಲ್ಲಿ 4 ಪವರಿಗೆ ಇಳಿಸಿದಾಗ ಗೆರೆ ಕೂದಲಿನಷ್ಟು ತೆಳುವಾಗಿ ಪೊದೆಯ ನೆರಳಿನಲ್ಲಿ ಕಾಣದೇ ಹೋಗುತ್ತದೆ, ಅದು ಅದರ ಕಷ್ಟ. ಉಂಗುರದ ಮೇಲೆ 12ರ ಪಕ್ಕ ಒಂದು ಬಿಳಿ ಚುಕ್ಕೆ ಇಡಿ, ಅಷ್ಟು ಸಾಕು.

ಐ ರಿಲೀಫ್ (ಹಿಂದಿನ ಲೆನ್ಸಿನಿಂದ ಕಣ್ಣಿಗೆ ಇರಬೇಕಾದ ಅಂತರ) 95 ಮಿ.ಮೀ. ಎಂದು ಅಚ್ಚು ಹಾಕಿದ್ದೀರಿ. ಮುಂದಿನ ಲೆನ್ಸಿನೊಳಗೆ ಟಾರ್ಚ್ ಬಿಟ್ಟು, ಹಿಂದೆ ಬಿಳಿ ಕಾಗದವನ್ನು ಸರಿಸುತ್ತ, ಬೆಳಕಿನ ಬಿಲ್ಲೆ ಅತಿ ಸಣ್ಣದಾಗಿ ಅಂಚು ಚೂಪಾಗುವ ಜಾಗವನ್ನು ಅಳೆದರೆ 4 ಪವರಿನಲ್ಲಿ 93, 16ರಲ್ಲಿ 76 ಮಿ.ಮೀ. ಸಿಗುತ್ತದೆ. ಪವರ್ ಏರಿದಂತೆ ಅದು ಕಡಿಮೆಯಾಗುವುದು ಸಹಜ, ಆದರೆ ಎರಡು ಅಂಕಿಗಳಲ್ಲಿ ದೊಡ್ಡದನ್ನಷ್ಟೇ ಹೇಳಿ ಪಕ್ಕದಲ್ಲೇ ‘ಹೆಚ್ಚು ಒದೆತದ ಕೋವಿಗಳಿಗೂ ಯೋಗ್ಯ’ ಎಂದು ಸೇರಿಸುವುದು ಸಹಜವಲ್ಲ. ಮಲಗಿ ಹೊಡೆಯುವಾಗ, ಏರು ಜಾಗಕ್ಕೆ ಹೊಡೆಯುವಾಗ ಕಣ್ಣು ಇನ್ನೂ ಮುಂದೆ ಬರುತ್ತದೆ. ಹೆಚ್ಚು ಒದೆತದ ಕೋವಿಯಲ್ಲಿ 76 ಮಿ.ಮೀ. ಅಂತರವಷ್ಟೇ ಇದ್ದರೆ ಸ್ಕೋಪಿನ ಅಂಚು ಹುಬ್ಬು ಸೀಳಬಹುದು.

‘ಮುಸ್ಸಂಜೆಯ ಬೇಟೆಗೆ 16 ಪವರ್’ ಎಂಬ ಸಾಲನ್ನೂ ಕಿತ್ತುಹಾಕಿ. 44ನ್ನು 16ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬ 2.75 ಮಿ.ಮೀ. ಕತ್ತಲಲ್ಲಿ ಕಣ್ಣಿನ ಪಾಪೆ 5ರಿಂದ 7 ಮಿ.ಮೀ. ಅಗಲವಾಗುತ್ತದೆ, ವಯಸ್ಸಾದವರಲ್ಲಿ ಕಡಿಮೆ. ಅದಕ್ಕೆ ತಕ್ಕಷ್ಟು ಬೆಳಕು ಬೇಕಾದರೆ ಇದೇ ಸ್ಕೋಪನ್ನು 8 ಅಥವಾ ಅದಕ್ಕೂ ಕೆಳಗೆ ಇಳಿಸಬೇಕು.

ರಿಂಗ್ ತಿರುಪನ್ನು ಎಷ್ಟು ಬಿಗಿಯಬೇಕು ಎಂಬಲ್ಲಿ ತಮ್ಮ ಕೈಪಿಡಿ ‘ಚೆನ್ನಾಗಿ ಬಿಗಿಯಿರಿ’ ಎನ್ನುತ್ತದೆ. ಆಮೇಲೆ ವಾರಂಟಿ ತಿರಸ್ಕರಿಸುವಾಗ ಅದೇ ಕಂಪನಿ ‘ಅತಿಯಾಗಿ ಬಿಗಿದಿದ್ದೀರಿ’ ಎನ್ನುತ್ತದೆ! ಟಾರ್ಕ್ ವ್ರೆಂಚಿನಲ್ಲಿ 2 ನ್ಯೂಟನ್ ಮೀಟರಿಗೆ, ಎರಡೂ ಬದಿಯ ಸಂದು ಸಮ ಬರುವಂತೆ ಅಡ್ಡಡ್ಡ ಕ್ರಮದಲ್ಲಿ ಬಿಗಿಯಲಾಗಿದೆ. ಕೊಳವೆಯ ಮೇಲೆ ತಗ್ಗಾಗಲಿ ಗೀರಾಗಲಿ ಇಲ್ಲ, ತೆಗೆದು ನೋಡಬಹುದು. ಕೈಪಿಡಿಯಲ್ಲಿ ಒಂದು ಅಂಕಿ ಅಚ್ಚು ಹಾಕಿದ ದಿನದಿಂದ ಈ ತಕರಾರೇ ಇರುವುದಿಲ್ಲ.

ಆಯ್ಕೆ ಪಟ್ಟಿಯನ್ನೂ ತಿದ್ದಬೇಕು. ಕೊಳ್ಳುವವರನ್ನು ‘ಬೇಟೆಯೋ, ಗುರಿಯೋ’ ಎಂದು ಕೇಳಿ ಪ್ರಯೋಜನವಿಲ್ಲ. ಎಷ್ಟು ದೂರಕ್ಕೆ, ಎಷ್ಟು ದೊಡ್ಡ ಗುರಿಗೆ, ಟರೆಟ್ ತಿರುಗಿಸಿ ಹೊಡೆಯುತ್ತಾರೋ ಗುರುತು ಹಿಡಿದು ಹೊಡೆಯುತ್ತಾರೋ, ಯಾವ ಬೆಳಕಿನಲ್ಲಿ, ಕೋವಿಯ ಒದೆತ ಎಂಥದ್ದು ಎಂದು ಕೇಳಬೇಕು. ದಟ್ಟ ಕಾಡಿನಲ್ಲಿ 50 ಮೀಟರಿನೊಳಗೆ ಹೊಡೆಯುವವರಿಗೆ 4 ಪವರೇ ಹೆಚ್ಚು, ಅಗಲ ನೋಟವಿರುವ 1.5ರಿಂದ ಅಥವಾ 2ರಿಂದ ಶುರುವಾಗುವ ಹಗುರ ಸ್ಕೋಪ್ ಅವರಿಗೆ ಸರಿ. ಒಂದೇ ದೂರದಲ್ಲಿ ಕಾಗದಕ್ಕೆ ಹೊಡೆಯುವವರಿಗೆ ಪವರ್ 16ಕ್ಕೆ ನಿಂತರೆ ಸಾಲದೆಯೂ ಇರಬಹುದು. ಸ್ಪ್ರಿಂಗ್ ಏರ್ ರೈಫಲ್ ಇಟ್ಟುಕೊಂಡವರಿಗಂತೂ ‘ಎಲ್ಲ ಕೋವಿಗಳಿಗೂ’ ಎಂಬ ಮಾತು ಅಪಾಯದ್ದು. ಅದು ಮೊದಲು ಹಿಂದಕ್ಕೆ ಒದ್ದು, ಪಿಸ್ಟನ್ ತುದಿ ಮುಟ್ಟಿದಾಗ ಮುಂದಕ್ಕೂ ಜಗ್ಗುತ್ತದೆ. ಹಿಂದಿನ ಒದೆತಕ್ಕೆ ಮಾತ್ರ ಕಟ್ಟಿದ ಸ್ಕೋಪಿನ ಒಳಗಿನ ಲೆನ್ಸ್, ರೆಟಿಕಲ್ ಇದರಲ್ಲೇ ಕಳಚಿಕೊಳ್ಳುತ್ತವೆ. ಈ ಮಾದರಿ ಆ ಜಗ್ಗನ್ನು ತಡೆಯುತ್ತದೋ ಇಲ್ಲವೋ ಎಂದು ಸ್ಪಷ್ಟವಾಗಿ ಬರೆಯಿರಿ.

ನಮ್ಮ ಬೇಡಿಕೆ ಇಷ್ಟು. ಒಂದು, ಎರಡು, ಮೂರನೆಯ ಸ್ಕೋಪ್‌ಗಳಿಗೆ ಬೇರೆ ಕಂತಿನ ಬದಲಿ ಕೊಡಬೇಕು. ಕಳುಹಿಸುವ ಮುನ್ನ 10 ಮಿಲ್ ಏರಿಕೆಯನ್ನು ಅಳೆದು, ಆ ಅಂಕಿಯನ್ನು ಬರೆದು ಸಹಿ ಮಾಡಿದ ಚೀಟಿ ಜೊತೆಗಿರಬೇಕು. 990ರಿಂದ 1010 ಮಿ.ಮೀ.ರೊಳಗಿದ್ದರೆ ಒಪ್ಪಿಕೊಳ್ಳುತ್ತೇವೆ. ನಾಲ್ಕನೆಯದರ ಪ್ಯಾರಲಾಕ್ಸ್ ತಿರುಪು 300 ಮೀಟರ್ ಮುಟ್ಟುವಂತೆ ಸರಿಪಡಿಸಬೇಕು. ಬದಲಿ ಸಾಧ್ಯವಿಲ್ಲದಿದ್ದರೆ ಸಾಗಣೆ ವೆಚ್ಚ ಸೇರಿಸಿ ಪೂರ್ತಿ ಹಣ ಹಿಂದಿರುಗಿಸಬೇಕು. ಈ ಪತ್ರ ತಲುಪಿದ 15 ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಬೇಕು, ಫೋನ್ ಸಲಹೆ ಬೇಡ.

ನಾಲ್ಕೂ ಸ್ಕೋಪ್‌ಗಳನ್ನು ರಿಂಗ್ ಸಮೇತ, ಪರೀಕ್ಷೆಯ ಅಳತೆ ಹಾಳೆ ಮತ್ತು ಖರೀದಿ ರಸೀದಿಯ ನಕಲಿನೊಂದಿಗೆ ಇದೇ ಪೆಟ್ಟಿಗೆಯಲ್ಲಿ ಕಳುಹಿಸಿದ್ದೇವೆ. ಎರಡನೆಯ ಸ್ಕೋಪಿನ ಟರೆಟನ್ನು ಕಚ್ಚಿಕೊಂಡ ಸ್ಥಿತಿಯಲ್ಲೇ ಬಿಟ್ಟು ಟೇಪ್ ಸುತ್ತಿದ್ದೇವೆ. ಪರೀಕ್ಷಿಸುವವರು ದಯವಿಟ್ಟು ಮೊದಲು ಅದನ್ನು ಹಿಡಿಕೆಗೆ ಕೂರಿಸಿ, ರೆಟಿಕಲ್ ಎಲ್ಲಿದೆ ಎಂದು ಬರೆದುಕೊಂಡು, ಆಮೇಲೆ ತಟ್ಟಲಿ.

ಇಂತಿ ತಮ್ಮ ವಿಶ್ವಾಸಿಗಳು,
ಉಪಕರಣ ಸಮಿತಿಯ ಸದಸ್ಯರು