ಪೋಸ್ಟ್ ಮಾಡಿದ್ದೀನಿ ಅಂದೆಯಲ್ಲ

ಪ್ರೀತಿಯ ಮಂಜು,

ಉಭಯ ಕುಶಲೋಪರಿ. ‘ಅಮ್ಮನ ಫೋಟೊ ಪೋಸ್ಟ್ ಮಾಡಿದ್ದೀನಿ, ನೋಡು’ ಅಂತ ನೀನು ಫೋನಿನಲ್ಲಿ ಹೇಳಿದ ಮೇಲೆ ನಾಲ್ಕು ದಿನ ಅಂಚೆಯಣ್ಣನ ದಾರಿ ಕಾದೆ. ಐದನೇ ದಿನ ಫೇಸ್‌ಬುಕ್ ತೆರೆದರೆ ಅಮ್ಮ ಅಲ್ಲಿದ್ದರು. ಅದೇ ತುಳಸಿಕಟ್ಟೆ, ಕೈಯಲ್ಲಿ ಅದೇ ಹಿತ್ತಾಳೆ ಚೊಂಬು. ಕಣ್ಣು ತುಂಬಿ ಬಂತು. ಆಮೇಲೆ ಈ ‘ಪೋಸ್ಟ್’ ಅನ್ನೋ ಪದ ನನ್ನನ್ನು ಹಿಡಿದುಕೊಂಡಿತು.

ನೋಡಲು ಒಂದೇ ಪದ. ಬೇರು ಮೂರು, ಮೂರೂ ಲ್ಯಾಟಿನ್ನಿನವು. ಒಂದು ‘ಪೋಸ್ಟಿಸ್’, ಅಂದರೆ ಬಾಗಿಲ ಪಕ್ಕದ ಕಂಬ. ಗೋಲ್‌ಪೋಸ್ಟ್ ಈ ಮನೆತನದ್ದು. ಇಂಗ್ಲೆಂಡಿನಲ್ಲಿ ಹಿಂದೆ ಪ್ರಕಟಣೆಗಳನ್ನು ಕಂಬಕ್ಕೆ ಹಚ್ಚುತ್ತಿದ್ದರು. ಹಾಗೆ ಹಚ್ಚುವುದೇ ಪೋಸ್ಟ್ ಮಾಡುವುದು, ಹಚ್ಚಿದ ಕಾಗದ ಪೋಸ್ಟರ್. ಫೇಸ್‌ಬುಕ್ಕಿನ ಪೋಸ್ಟ್ ಬಂದದ್ದೂ ಈ ಕಂಬದಿಂದಲೇ. ನೀನು ಅಮ್ಮನ ಫೋಟೊವನ್ನು ಡಬ್ಬಕ್ಕೆ ಹಾಕಿರಲಿಲ್ಲ ಮಂಜು, ಊರಿನವರೆಲ್ಲ ನೋಡಲಿ ಅಂತ ಕಂಬಕ್ಕೆ ಹಚ್ಚಿದ್ದೆ.

ಎರಡನೆಯದು ‘ಪೋನೆರೆ’, ಇಡುವುದು. ಕಾವಲಿಗೆ ಆಳನ್ನು ಇಟ್ಟ ಜಾಗ ಇಟಾಲಿಯನ್ನಿನಲ್ಲಿ ‘ಪೋಸ್ಟೊ’ ಆಯಿತು. ‘ಹುಡುಗ ಯಾವ ಪೋಸ್ಟಲ್ಲಿದ್ದಾನೆ?’ ಅಂತ ನಮ್ಮ ಹೆಣ್ಣು ಹೆತ್ತವರು ಕೇಳುವ ಪೋಸ್ಟ್ ಅದು. ನಮ್ಮ ‘ಠಾಣೆ’ಯೂ ‘ಸ್ಥಾನ’ದಿಂದಲೇ ಬಂದದ್ದಲ್ಲವೇ?

ಕಾಗದದ ಪೋಸ್ಟ್ ಇದರ ತಂಗಿ, ‘ಪೋಸ್ಟ’. ಇಲ್ಲಿ ಇಟ್ಟದ್ದು ಕುದುರೆಗಳನ್ನು. ದಾರಿಯುದ್ದಕ್ಕೂ ಇಂತಿಷ್ಟು ದೂರಕ್ಕೊಂದು ಕಟ್ಟೆ, ಅಲ್ಲಿ ದಣಿಯದ ಕುದುರೆ ಸಿದ್ಧ. ಬಂದವನು ಚೀಲ ಕೊಟ್ಟರೆ ಮುಂದಿನವನು ಹೊರಟ. 1490ರಲ್ಲಿ ಫ್ರಾಂಝ್ ಫಾನ್ ಟ್ಯಾಕ್ಸಿಸ್ ಎಂಬವನು ಈಗಿನ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಿಂದ ಈಗಿನ ಬೆಲ್ಜಿಯಂನ ಮೆಖೆಲೆನ್‌ವರೆಗೆ ಇಂಥ ಸಾಲು ನಡೆಸಿದ. 16ನೇ ಶತಮಾನದ ಇಂಗ್ಲೆಂಡಿನಲ್ಲಿ ಅವಸರದ ಕಾಗದದ ಮೇಲೆ ‘ಹೇಸ್ಟ್, ಪೋಸ್ಟ್, ಹೇಸ್ಟ್’ ಎಂದು ಬರೆಯುತ್ತಿದ್ದರು. ಅಲ್ಲಿ ಪೋಸ್ಟ್ ಅಂದರೆ ಸವಾರನೇ: ಬೇಗ ಹೋಗಪ್ಪಾ, ಬೇಗ! ಕಾಗದದ ಮೈಮೇಲೆ ಹಾಗೆ ಬೇಡಿಕೊಂಡವರ ಮನಸ್ಸು ನನಗೆ ಅರ್ಥವಾಗುತ್ತದೆ.

ನಮ್ಮ ದೇಶಕ್ಕೆ ಪೋಸ್ಟ್‌ಕಾರ್ಡ್ ಬಂದದ್ದು 1879ರಲ್ಲಿ, ಬೆಲೆ ಕಾಲಾಣೆ. ನಿಮ್ಮ ನಡುಮನೆಯ ಗೋಡೆಯಲ್ಲಿ ಕೊಕ್ಕೆಯ ತಂತಿ ಇತ್ತಲ್ಲ, ಬಂದ ಕಾರ್ಡನ್ನೆಲ್ಲ ನಿಮ್ಮಜ್ಜ ಚುಚ್ಚಿ ಇಡುತ್ತಿದ್ದದ್ದು? ಕೆಳಗಿನವು ಹೊಗೆಯ ಬಣ್ಣ, ಮೇಲಿನವು ಹಳದಿ, ಎಲ್ಲದರ ಹೊಟ್ಟೆಯಲ್ಲೂ ಒಂದೊಂದು ತೂತು. ಮದುವೆಯ ಕಾಗದವನ್ನು ಮೂಲೆಯ ಅರಿಶಿನದಿಂದಲೇ ಗುರುತು ಹಿಡಿಯುತ್ತಿದ್ದೆವು. ಆ ತಂತಿ ಈಗಲೂ ಇದೆಯಾ?

ಮೂರನೆಯ ‘ಪೋಸ್ಟ್’ಗೆ ‘ಆಮೇಲೆ’ ಎಂದಷ್ಟೇ ಅರ್ಥ, ಪೋಸ್ಟ್‌ಮಾರ್ಟಂನಲ್ಲಿ ಇರುವುದು. ‘ಪೋಸ್ಟ್‌ಪೋನ್’ನಲ್ಲಿ ಈ ‘ಆಮೇಲೆ’ಯೂ ಆ ‘ಇಡು’ವೂ ಜೊತೆಯಾಗಿವೆ: ಆಮೇಲಕ್ಕೆ ಇಡುವುದು. ನಾನು ನಿಮ್ಮೂರಿಗೆ ಬರುವುದನ್ನು ಎಷ್ಟು ವರ್ಷದಿಂದ ಆಮೇಲಕ್ಕೆ ಇಡುತ್ತಾ ಬಂದಿದ್ದೇನೆ ಅಂತ ಆಗ ಲೆಕ್ಕ ಹಾಕಿದೆ.

ಹಳಗನ್ನಡದಲ್ಲಿ ‘ಅಂಚೆ’ ಅಂದರೆ ಹಂಸ, ಗೊತ್ತಲ್ಲ? ಆ ಅಂಚೆಗೂ ಕಾಗದದ ಅಂಚೆಗೂ ನಂಟು ಕಟ್ಟಲು ನಾನು ಹೊರಟಿಲ್ಲ. ಆದರೆ ಓಣಿಯಲ್ಲಿ ಸೈಕಲ್ಲಿನ ಗಂಟೆ ಕೇಳಿದಾಗಲೆಲ್ಲ ನನಗೆ ಆ ಬಿಳಿ ಹಕ್ಕಿಯೇ ನೆನಪಾಗುತ್ತದೆ.

ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ಇಂತಿ ನಿನ್ನ ಗೆಳೆಯ

ತಾ.ಕ.: ಆ ಫೋಟೊದ ಒಂದು ಪ್ರಿಂಟ್ ಹಾಕಿಸಿ, ಹಿಂದೆ ಅಮ್ಮನ ಕೈಯಲ್ಲೇ ಎರಡು ಸಾಲು ಬರೆಸಿ, ಈ ಸಲ ಕೆಂಪು ಡಬ್ಬಕ್ಕೇ ಹಾಕು. ದಾರಿ ಕಾಯುತ್ತೇನೆ.